ಯೇಸುವಿನ ಬಗ್ಗೆ ಗೊತ್ತು, ಪ್ರೀತಿ ಹುಟ್ಟೋದು ಹೇಗೆ?

ಕಾಫಿಹೂವು (ಚಿಕ್ಕಮಗಳೂರು):
ಚರ್ಚಿನ ಧರ್ಮೋಪದೇಶ ತರಗತಿಗೆ ಬರುವ ಮಕ್ಕಳಿಗೆ 10 ಆಜ್ಞೆ, 7 ಸಂಸ್ಕಾರ, ಯೇಸುವಿನ 12 ಪ್ರೇಷಿತರ (ಆಯ್ದ ಶಿಷ್ಯರ) ಹೆಸರು ಎಲ್ಲ ಬಾಯಿಪಾಠ. "ಯೇಸು ಅಂದ್ರೆ ನಿನಗೆ ಇಷ್ಟವಾ?" ಅಂತ ಕೇಳಿದರೆ ಮಾತ್ರ ನೆಲ ನೋಡ್ತಾರೆ. ದೊಡ್ಡವರದ್ದೂ ಹಾಗೇ. ತಲೆಯಲ್ಲಿರೋದು ಎದೆಗೆ ಇಳಿಯೋಕೆ ದಿನಾ ಮಾಡುವಂಥದ್ದು ಏನಾದರೂ ಹೇಳಿ.

ಹೇಮಾವತಿ ದಂಡೆ (ಹಾಸನ):
ಬೈಬಲಿನಲ್ಲಿ ಲೂಕ 7:36–50 ತಗೊಳ್ಳಿ. 15 ವಚನ, ಅಷ್ಟು ಸಾಕು. ಯೇಸುವನ್ನು ಊಟಕ್ಕೆ ಕರೆದ ಸೀಮೋನ "ಬೋಧಕರೇ" ಅಂತ ಮರ್ಯಾದೆಯಾಗೇ ಮಾತಾಡ್ತಾನೆ, ಆದರೆ ಕಾಲಿಗೆ ನೀರು ಕೊಟ್ಟಿಲ್ಲ. ಬಂದವರಿಗೆ ಮೊದಲು ಚೊಂಬು ನೀರು ಕೊಡುವ ಮಲೆನಾಡಿನ ಮಕ್ಕಳಿಗೆ ಇದು ಎಂಥ ಅವಮಾನ ಅಂತ ಬಿಡಿಸಿ ಹೇಳಬೇಕಿಲ್ಲ. ಆ ಪಾದ ಕಣ್ಣೀರಲ್ಲಿ ತೊಳೆದವಳು ಊರೇ ಪಾಪಿ ಅನ್ನುತ್ತಿದ್ದ ಹೆಂಗಸು. ಅಲ್ಲಿ ಯೇಸು ಸೀಮೋನನಿಗೆ ಹೇಳುವ ಕಥೆಯಲ್ಲಿ ಒಬ್ಬನಿಗೆ 50, ಇನ್ನೊಬ್ಬನಿಗೆ 500 ಬೆಳ್ಳಿ ನಾಣ್ಯ ಸಾಲ, ಎರಡೂ ಮನ್ನಾ ಆಗುತ್ತೆ; ಹೆಚ್ಚು ಮನ್ನಾ ಆದವನಿಗೆ ಪ್ರೀತಿಯೂ ಹೆಚ್ಚು. ಆ ಲೆಕ್ಕವನ್ನು ಕೂಲಿಯಲ್ಲಿ ಹೇಳಿ: ಒಂದು ಬೆಳ್ಳಿ ನಾಣ್ಯ ಒಂದು ದಿನದ ಕೂಲಿ. 50 ಅಂದ್ರೆ ಸುಮಾರು ಎರಡು ತಿಂಗಳು. 500 ಅಂದ್ರೆ ವಾರಕ್ಕೆ 6 ದಿನ ದುಡಿದರೂ ಒಂದೂವರೆ ವರ್ಷ ದಾಟುತ್ತೆ. ತನಗೆ ಮನ್ನಾ ಆದದ್ದೆಷ್ಟು ಅಂತ ಅವಳಿಗೆ ಗೊತ್ತಿತ್ತು, ಸೀಮೋನನಿಗೆ ಗೊತ್ತಿರಲಿಲ್ಲ.

ದಿನಕ್ಕೆ 20 ನಿಮಿಷ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಎರಡು ಸಲ ಬಾಯಿಬಿಟ್ಟು ಓದಿ. ಆಮೇಲೆ 10 ನಿಮಿಷ ಮನಸ್ಸಿನಲ್ಲೇ ಆ ಮನೆಯೊಳಗೆ ನಿಂತುಕೊಳ್ಳಿ: ಬಾಗಿಲ ಹತ್ತಿರವೋ, ಸೀಮೋನನ ಪಕ್ಕದಲ್ಲೋ? ಕೊನೆಯ 5 ನಿಮಿಷ "ಅವರು" ಅನ್ನೋದನ್ನು "ನೀನು" ಮಾಡಿ. ದೇವರನ್ನು ನೀನು ಅನ್ನುವ ಸಲುಗೆ ನಮ್ಮ ಭಾಷೆಯಲ್ಲೇ ಇದೆಯಲ್ಲ. "ಯೇಸು ಪಾಪಿಗಳನ್ನು ಕ್ಷಮಿಸುತ್ತಾರೆ" ಅನ್ನೋದು ಪರೀಕ್ಷೆಯ ಉತ್ತರ. "ಯೇಸುವೇ, ನಾನು ಅಮ್ಮನಿಗೆ ಹೇಳಿದ ಸುಳ್ಳನ್ನು ನೀನು ಕ್ಷಮಿಸಿದೆ" ಅನ್ನೋದು ಮಾತುಕತೆ. ಹೆಚ್ಚಿನವರು ಓದ್ತಾರೆ, ಯೋಚಿಸ್ತಾರೆ, ಮಾತಾಡದೆ ಎದ್ದುಬಿಡ್ತಾರೆ. ತಪ್ಪೋದೇ ಅಲ್ಲಿ.

ಸಕಲೇಶಪುರದವ:
ಕಣ್ಣಲ್ಲಿ ನೀರು ಬರಲಿಲ್ಲ ಅಂತ ಎರಡನೇ ವಾರಕ್ಕೇ ಬಿಡುವವರು ಬಹಳ. ಭಾವನೆ ಅಳೆಯಬೇಡಿ. ಶಿಷ್ಯ ಪೇತ್ರ ಯೇಸು ಯಾರೋ ಗೊತ್ತಿಲ್ಲ ಅಂತ ಅಲ್ಲಗಳೆದದ್ದು ಇದ್ದಲ ಬೆಂಕಿಯ ಹತ್ತಿರ (ಯೋಹಾನ 18:18). ಸತ್ತು ಮತ್ತೆ ಜೀವಂತವಾಗಿ ಎದ್ದ ಯೇಸು ದಡದಲ್ಲಿ ಮೀನು ಇಟ್ಟಿದ್ದೂ ಇದ್ದಲ ಬೆಂಕಿಯ ಮೇಲೇ (21:9). ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಆ ಪದ ಈ ಎರಡೇ ಕಡೆ ಬರೋದು. ಪೇತ್ರನನ್ನು ಎಡವಿದ ಗಳಿಗೆಗೇ ಕರ್ಕೊಂಡು ಹೋದ ಹಾಗೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಅಂತ ಕೇಳಿದರು, ಮೂರು ಸಲವೂ ತಮ್ಮ ಕುರಿಗಳನ್ನು, ಅಂದ್ರೆ ತಮ್ಮ ಜನರನ್ನು, ನೋಡಿಕೊಳ್ಳೋ ಕೆಲಸ ಕೊಟ್ಟರು. ಹಾಗಾಗಿ ಪ್ರಾರ್ಥನೆ ಮುಗಿಸುವಾಗ ಇವತ್ತು ಯಾರಿಗೆ, ಏನು ಮಾಡ್ತೀನಿ ಅಂತ ಒಂದೇ ಒಂದು ಗೊತ್ತುಮಾಡಿ. "ಎಲ್ಲರನ್ನೂ ಪ್ರೀತಿಸ್ತೀನಿ" ಅಂದ್ರೆ ಸಂಜೆಗೆ ಏನೂ ಆಗಿರಲ್ಲ.

ಗೊರೂರು ಕಡೆಯವಳು:
ತಿಳಿವಳಿಕೆಯನ್ನು ಹಗುರ ಮಾಡಬೇಡಿ. ಶುಭಸಂದೇಶ (ಯೇಸುವಿನ ಬದುಕು ಹೇಳುವ ಬೈಬಲಿನ ಭಾಗ) ಓದದೆ ಪ್ರೀತಿ ಅಂತ ಹೊರಟರೆ ನಮಗೆ ಬೇಕಾದ ಹಾಗಿರುವ ಯೇಸುವನ್ನು ಕಟ್ಟಿಕೊಳ್ತೀವಿ. ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿದ ಯೇಸು ಅದರಲ್ಲಿ ಸಿಗಲ್ಲ. ಮಾರ್ಕನ ಶುಭಸಂದೇಶ 16 ಅಧ್ಯಾಯ, ದಿನಕ್ಕೊಂದು ಓದಿಸಿ.

ಕಾಫಿಹೂವು:
12–13 ವರ್ಷದವರು 20 ನಿಮಿಷ ಕೂರಲ್ವಲ್ಲ?

ಹೇಮಾವತಿ ದಂಡೆ:
7 ನಿಮಿಷ ಸಾಕು. ನೀವು ಓದಿ, ಅವರು ಆ "ನೀನು" ಮಾತನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಳ್ಳಲಿ. ಚೀಟಿ ಇಸ್ಕೊಂಡು ನೋಡಬೇಡಿ. ಟೀಚರ್ ಓದ್ತಾರೆ ಅಂತ ಗೊತ್ತಾದರೆ ಮತ್ತೆ ಪರೀಕ್ಷೆಯ ಉತ್ತರವನ್ನೇ ಬರೀತಾರೆ.