ಸಹಾಯ ಬೇಕು: ಬಿಸ್ಮಾರ್ಕ್ ಕಾಲದ ಅಪಘಾತ ವಿಮೆಯ 13 ವಾರಗಳ ಲೆಕ್ಕ

ಎಲ್ಲರಿಗೂ ನಮಸ್ಕಾರ. ಸೋಮವಾರ ಪದವಿ ತರಗತಿಗೆ ಚಾನ್ಸಲರ್ ಬಿಸ್ಮಾರ್ಕ್ ಕಾಲದ ಜರ್ಮನಿಯ ಕಾರ್ಮಿಕ ವಿಮೆಯ ಪಾಠ ಮಾಡಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

1883ರ ಕಾಯಿಲೆ ವಿಮೆಯಲ್ಲಿ ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. 1884ರ ಅಪಘಾತ ವಿಮೆಯ ವಂತಿಗೆಯೆಲ್ಲ ಮಾಲೀಕರದೇ. ಇಲ್ಲಿಯವರೆಗೆ ಸರಿ. ಆದರೆ ಯಂತ್ರಕ್ಕೆ ಕೈ ಸಿಕ್ಕಿ ಬೆರಳು ಕಳೆದುಕೊಂಡವನನ್ನು ಮೊದಲ 13 ವಾರ ನೋಡಿಕೊಳ್ಳುತ್ತಿದ್ದದ್ದು ಕಾಯಿಲೆ ನಿಧಿ, ಅಂದರೆ ಕಾಯಿಲೆ ವಿಮೆಯ ವಂತಿಗೆ ಸೇರುತ್ತಿದ್ದ ನಿಧಿ! ಅಪಘಾತ ವಿಮೆ ಕೈಹಿಡಿಯುತ್ತಿದ್ದದ್ದು 14ನೇ ವಾರದಿಂದ. ಅಂದರೆ ಅವನ ಆರೈಕೆಯಲ್ಲಿ ಜೊತೆಗಾರರ ಕೂಲಿಯಿಂದ ಮುರಿದುಕೊಂಡ ದುಡ್ಡೂ ಸೇರಿತ್ತು. ಮೂರು ತಿಂಗಳೊಳಗೆ ಮಾಯುವ ಗಾಯಗಳೇ ಹೆಚ್ಚಲ್ಲವೇ? ನನಗಂತೂ ಇದು ಅನ್ಯಾಯವಾಗಿಯೇ ಕಾಣುತ್ತದೆ.

ಗ್ರಂಥಾಲಯದ ಎರಡು ಪಠ್ಯಪುಸ್ತಕಗಳನ್ನು ತಿರುವಿ ಹಾಕಿದೆ. ಎರಡೂ ‘ಮಾಲೀಕರೇ ಭರಿಸಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿವೆ. 1871ರ ಹೊಣೆಗಾರಿಕೆ ಕಾನೂನಿನಡಿ ಅಪಘಾತದ ಪರಿಹಾರ ಪಡೆಯಲು ಕಾರ್ಖಾನೆಯ ಕಾರ್ಮಿಕ ಮಾಲೀಕನ ಕಡೆಯ ತಪ್ಪನ್ನು ಸಾಬೀತುಪಡಿಸಬೇಕಿತ್ತು, 1884ರ ವಿಮೆಯಿಂದ ಆ ಕಷ್ಟ ತಪ್ಪಿತು ಎಂಬುದು ಅರ್ಥವಾಗಿದೆ.

ಬಲ್ಲವರು ದಯವಿಟ್ಟು ತಿಳಿಸಿ: ಈ 13 ವಾರಗಳ ಗಡಿಯನ್ನು ಆಡಳಿತದ ಅನುಕೂಲಕ್ಕಾಗಿ ಇಟ್ಟರೇ, ಅಥವಾ ಮಾಲೀಕರ ಹೊರೆ ಇಳಿಸಲೆಂದೇ ಇಟ್ಟರೇ?