ಅಪ್‌ಡೇಟ್: ಹೊಸ ಪಿಸಿಯಲ್ಲಿ ಕೊನೆಗೂ ಡಿಸ್‌ಪ್ಲೇ ಬಂತು

ಹೋದ ವಾರ ಕೇಳಿದ್ದೆ: ರೈಜನ್ 5 7600 ಪ್ರೊಸೆಸರ್ ಇರುವ ಹೊಸ ಪಿಸಿ, 16 ಜಿಬಿಯ ನಾಲ್ಕು ಡಿಡಿಆರ್5 ರ‍್ಯಾಮ್ ಸ್ಟಿಕ್, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಈಗ ಸರಿಹೋಗಿದೆ!

ಸಿಮಾಸ್ ಕ್ಲಿಯರ್ ಮಾಡಿದರೂ (ಅಂದರೆ ಮದರ್‌ಬೋರ್ಡ್ ಸೆಟ್ಟಿಂಗ್ ಅಳಿಸಿ ಮೊದಲಿನಂತೆ ಮಾಡಿದರೂ), ಗೆಳೆಯನ ಪವರ್ ಸಪ್ಲೈ ಹಾಕಿದರೂ ಏನೂ ಬದಲಾಗಲಿಲ್ಲ. ಕೆಲಸಕ್ಕೆ ಬಂದದ್ದು, 'ಎರಡೇ ಸ್ಟಿಕ್ ಹಾಕಿ, ಸಿಪಿಯು ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ, ಆಮೇಲೆ ಸುಮ್ನೆ ಕಾಯಿರಿ' ಎಂದವರ ಸಲಹೆ. ತುಂಬಾ ಥ್ಯಾಂಕ್ಸ್! ಏಳು ನಿಮಿಷಕ್ಕೆ ಬಯಾಸ್ (ಬೋರ್ಡ್‌ನ ಸೆಟ್ಟಿಂಗ್ ಸ್ಕ್ರೀನ್) ಬಂತು. ಮೊದಲ ಸಲ ಬೋರ್ಡ್ ಮೆಮೊರಿ ಟ್ರೈನಿಂಗ್ ಮಾಡುತ್ತದೆ, ಅಂದರೆ ಹಾಕಿದ ರ‍್ಯಾಮ್‌ಗೆ ಸರಿಹೊಂದುವ ಸೆಟ್ಟಿಂಗ್ ಹುಡುಕುತ್ತದೆ, ಅದಕ್ಕೇ ಇಷ್ಟು ಹೊತ್ತು. ನಾನು ಎರಡೇ ನಿಮಿಷಕ್ಕೆ ಆಫ್ ಮಾಡುತ್ತಿದ್ದೆ.

ಗೊತ್ತಿಲ್ಲದ ಇನ್ನೊಂದು ವಿಷಯ: ಈ ಪ್ರೊಸೆಸರ್‌ಗೆ ಎರಡು ಸ್ಟಿಕ್ ಇದ್ದರೆ ರ‍್ಯಾಮ್‌ನ ಅಧಿಕೃತ ವೇಗ 5200 ಎಂಟಿ/ಸೆ (ಸೆಕೆಂಡಿಗೆ ಇಷ್ಟು ಮಿಲಿಯನ್ ಡೇಟಾ ವರ್ಗಾವಣೆ), ನಾಲ್ಕಾದರೆ 3600 ಅಷ್ಟೇ. ಜಾಸ್ತಿ ರ‍್ಯಾಮ್ ಬೇಕಾದವರು 32 ಜಿಬಿಯ ಎರಡು ಸ್ಟಿಕ್ ತಗೊಳ್ಳಿ. ನನಗೆ ಸದ್ಯಕ್ಕೆ ಈಗ ಹಾಕಿರುವ ಎರಡು ಸ್ಟಿಕ್‌ನ ಒಟ್ಟು 32 ಜಿಬಿ ಸಾಕು.