ಮಷೀನ್ ಹಾಕುವುದು ಕಸೂತಿಯೋ, ಎಂಬ್ರಾಯ್ಡರಿಯೋ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆಯ ನಮ್ಮ ಓಣಿಯಲ್ಲಿ ಹೊಲಿಗೆ ಮಾಡುವ ಏಳೆಂಟು ಹೆಣ್ಣುಮಕ್ಕಳು ಸೇರಿ ಹೊಸ ಮಷೀನ್ ಕೊಳ್ಳಬೇಕು ಅಂತಿದ್ದಾರೆ. ಕೌದಿಗೂ (ಬಟ್ಟೆಯ ಪದರ ಕೂಡಿಸಿ ಹೊಲಿದ ಹೊದಿಕೆ) ಎಂಬ್ರಾಯ್ಡರಿಗೂ ಬೇರೆ ಬೇರೆ ಮಷೀನ್ ಬೇಕೋ, ಎರಡೂ ಮಾಡುವ ಒಂದೇ ಸಾಕೋ? ಅವರಿಗಾಗಿ ಕನ್ನಡದಲ್ಲಿ ಎರಡು ಪುಟ ಬರೆಯಲು ಕೂತು ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ಎಂಬ್ರಾಯ್ಡರಿಗೆ ನಿಘಂಟಿನಲ್ಲಿ ಕಸೂತಿ ಅಂತಿದೆ. ನಮ್ಮ ಕಡೆ ಕಸೂತಿ ಅಂದರೆ ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಕೈಯಿಂದ ಹಾಕುವ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಹೊಲಿಗೆಗಳು. ಮೊನ್ನೆ ಅತ್ತೆಯ ಹಳೇ ಸೀರೆಯ ಸೆರಗು ತಿರುಗಿಸಿ ನೋಡಿದೆ. ಗವಂತಿಯಲ್ಲಿ ಹಾಕಿದ ತೇರಿನ ಚಿತ್ತಾರ ಎರಡೂ ಕಡೆ ಒಂದೇ ಥರ, ಎಲ್ಲೂ ಗಂಟಿಲ್ಲ. ಒಂದೇ ದಾರ ನಡುನಡುವೆ ಜಾಗ ಬಿಟ್ಟು ಹೋಗಿ, ಮರಳಿ ಬರುವಾಗ ಅದನ್ನು ತುಂಬುತ್ತದೆ. ಮಷೀನ್‌ನಲ್ಲಿ ಮೇಲೊಂದು ದಾರ, ಕೆಳಗೆ ಬಾಬಿನ್ ಎಂಬ ಪುಟ್ಟ ಉರುಳೆಯದು ಇನ್ನೊಂದು. ಎರಡೂ ಹೆಣೆದುಕೊಂಡರೇ ಹೊಲಿಗೆ. ಬಟ್ಟೆ ತಿರುಗಿಸಿದರೆ ಕೆಳಗಿನ ದಾರವೇ ಕಾಣುತ್ತದೆ. ಅದನ್ನು ಕಸೂತಿ ಮಷೀನ್ ಅಂತ ಬರೆಯಲು ನನಗೆ ಮನಸ್ಸೇ ಬರುತ್ತಿಲ್ಲ. ಟೇಲರುಗಳು ಹೇಗೂ ಎಂಬ್ರಾಯ್ಡರಿ ಅಂತಾರೆ. ಅದನ್ನೇ ಇಟ್ಟುಕೊಂಡರೆ ಕಸೂತಿ ಕೈಕೆಲಸದ ಹೆಸರಾಗಿಯೇ ಉಳಿಯುತ್ತದೆ, ಅಲ್ವಾ?

ಕ್ವಿಲ್ಟಿಂಗ್‌ಗೆ ಕೌದಿ ಹೊಲಿಗೆ ಸಾಕು ಅನ್ನಿಸುತ್ತದೆ. ನಮ್ಮ ಕೌದಿಯಲ್ಲಿ ಹಳೇ ಸೀರೆಯ ಪದರ, ಕ್ವಿಲ್ಟಿನಲ್ಲಿ ನಡುವೆ ಹತ್ತಿಯಂಥ ಹಾಸು. ಪದರ ಕೂಡಿಸಿ ಹೊಲಿಯುವುದು ಎರಡರಲ್ಲೂ ಒಂದೇ.

ಇನ್ನು ಎರಡೂ ಕೆಲಸದ ಮಷೀನ್. ಜೋಡಿ ಮಷೀನ್ ಅಂದರೆ ಎರಡು ಮಷೀನ್ ಅನ್ನಿಸುತ್ತದೆ. ಕೂಡುಕುಟುಂಬ ಇದ್ದ ಹಾಗೆ ಕೂಡುಮಷೀನ್ ಅನ್ನಬಹುದೇ? ಅದರಲ್ಲಿ ಬಟ್ಟೆ ಬಿಗಿದ ರಿಂಗ್ ಕೂರಿಸಿ ಎಂಬ್ರಾಯ್ಡರಿ ಡಿಸೈನ್ ಓಡುತ್ತಿದ್ದರೆ ಅದು ಮುಗಿಯುವ ತನಕ ಹೊಲಿಗೆ ನಿಂತಂತೆಯೇ. ಏಳೆಂಟು ಜನಕ್ಕೆ ಅದು ತೊಂದರೆಯೇ. ಒಂದೇ ಕೆಲಸದ್ದಕ್ಕೆ ‘ಮೀಸಲು ಮಷೀನ್’ ಬರೆದೆ. ಓದಿದವರು ಇದು ಸರ್ಕಾರದ ಯೋಜನೆಯದ್ದಾ ಅಂತ ಕೇಳಿದರು! ಹೊಡೆದುಹಾಕಿ ಕೌದಿ ಮಷೀನ್, ಎಂಬ್ರಾಯ್ಡರಿ ಮಷೀನ್ ಅಂತ ಕೆಲಸದ ಹೆಸರನ್ನೇ ಇಟ್ಟೆ.

ಒಂದಕ್ಕೆ ಮಾತ್ರ ಪದವೇ ಸಿಕ್ಕಿಲ್ಲ. ಸೂಜಿಗೂ ಬಲಗಡೆಯ ಕಂಬಕ್ಕೂ ನಡುವೆ ಖಾಲಿ ಜಾಗ ಇರುತ್ತದಲ್ಲ, ಕೌದಿಯನ್ನು ಸುತ್ತಿ ತೂರಿಸುವುದು ಅಲ್ಲೇ. ಅದು ಕಿರಿದಾದರೆ ದೊಡ್ಡ ಕೌದಿಯ ನಡುಭಾಗ ಹೊಲಿಯುವುದು ಭಾರೀ ಕಷ್ಟ. ಬೆಳಗಾವಿ, ವಿಜಯಪುರದ ಟೇಲರುಗಳು ಅದಕ್ಕೆ ಏನನ್ನುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಿ.